ಅಂಕಲ್ ಹೇಳದ ಮಾತು

ಅಂಕಲ್ ಬೇಡ ಎಂದಿದ್ದರು. ನಾನು ಹೊರಗೆ ಬಂದು, ಅವರು ಆಗಲಿ ಎಂದಿದ್ದಾರೆ ಎಂದೆ. ಒಂದು ಸಭಾಂಗಣದ ಮಾಡು ಹಾರಿಹೋದದ್ದು, ಒಬ್ಬ ಹೆಂಗಸು ಬಲಗೈ ಕಳೆದುಕೊಂಡದ್ದು ಆ ಒಂದು ಸುಳ್ಳಿನಿಂದ. ಅದಕ್ಕಿಂತಲೂ ಹೇಳಲು ಕಷ್ಟವಾದದ್ದು ಇನ್ನೊಂದಿದೆ — ತಪ್ಪು ಯಾರದು ಎಂದು ಎಲ್ಲರೂ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಆ ಹಿರಿಯರು ತಮ್ಮ ನೆನಪೇ ಕೈಕೊಟ್ಟಿತೆಂದು ನಂಬತೊಡಗಿದಾಗಲೂ ಬಿಡಲಿಲ್ಲ. ವರ್ಷಗಟ್ಟಲೆ ಬಿಡಲಿಲ್ಲ.

ಇದನ್ನು ಲೂಸ್‌ಳಿಂದಲೇ ಶುರುಮಾಡಬೇಕು. ಕೋವಿಡ್ ಬಂದ ವರ್ಷ ನಾವು ಲಾಸ್ ಏಂಜಲಿಸ್‌ನಲ್ಲಿದ್ದೆವು. ನನ್ನ ಗಂಡ ಮುರಳಿ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದ; ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಅಲ್ಲಿನ ನರ್ಸ್ ಲೂಸ್, ಫಿಲಿಪೀನ್ಸ್‌ನವಳು, ತನ್ನ ಕೆಲಸ ಮುಗಿದ ಮೇಲೂ ನಿಂತು ಅವನ ಕಿವಿಗೆ ಫೋನ್ ಹಿಡಿಯುತ್ತಿದ್ದಳು. ನಾನು ಕಾರಿನಲ್ಲಿ ಕೂತು ಅವನೊಂದಿಗೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ಅವಳಿಗೆ ಒಂದಕ್ಷರ ಅರ್ಥವಾಗದಿದ್ದರೂ, ನಾನು ಅತ್ತಾಗ ಅವಳೂ ಅಳುತ್ತಿದ್ದಳು. ಮುರಳಿ ಬದುಕಿ ಮನೆಗೆ ಬಂದ. ಆಮೇಲೆ ನಾವು ಕೆಲಸದ ಸಲುವಾಗಿ ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್‌ಗೆ ಬಂದೆವು. ಲೂಸ್ ಮಾತ್ರ ನಮ್ಮ ಮನೆಯವಳೇ ಆಗಿಬಿಟ್ಟಳು.

ಮರುವರ್ಷದ ಕೊನೆಗೆ ಅವಳು ಹುಟ್ಟಿದ ದ್ವೀಪದ ಮೇಲೆ ಚಂಡಮಾರುತ ಹಾದುಹೋಯಿತು. ಚಿಕ್ಕ ದ್ವೀಪ, ಮೀನು ಹಿಡಿಯುವವರು, ಚಾಪೆ ಹೆಣೆಯುವವರು. ತಲೆಯ ಮೇಲೆ ಸೂರು ಉಳಿದ ಮನೆಯೇ ಇರಲಿಲ್ಲ. ಲಾಸ್ ಏಂಜಲಿಸ್ ಪಕ್ಕದ ವೆಸ್ಟ್ ಕೊವಿನಾದಲ್ಲಿದ್ದ ಲೂಸ್‌ಳ ಮನೆಯ ಗರಾಜಿನಲ್ಲಿ ಜನ ಸೇರಿದರು — ನರ್ಸ್‌ಗಳು, ನೌಕಾಪಡೆಯಿಂದ ನಿವೃತ್ತರಾದವರು, ಅವಳ ಚರ್ಚಿನವರು. ಸರಕಾರದ ಸಹಾಯಕ್ಕೆ ಕಾಯದೆ ನಾವೇ ಹೋಗಿ, ಊರವರ ಜೊತೆ ಸೇರಿ ಮನೆಗಳನ್ನು ಎತ್ತಿ ನಿಲ್ಲಿಸೋಣ ಎಂದು ತೀರ್ಮಾನವಾಯಿತು. ಸಾಮಾನು ಸಾಗಿಸುವ ಜವಾಬ್ದಾರಿಯನ್ನು ನಾನೇ ಕೇಳಿ ತೆಗೆದುಕೊಂಡೆ. ಲೂಸ್‌ಳ ಋಣ ನನ್ನ ಮೇಲಿತ್ತಲ್ಲ — ಆದರೆ ಬರೀ ಋಣವೇ ಆಗಿತ್ತೇ ಅದು? ಎಲ್ಲರೂ 'ಭಾರತಿ ಇದ್ದಾಳೆ, ನಡೆಯುತ್ತೆ' ಎನ್ನುವಾಗ ನನಗೊಂದು ಹಿಗ್ಗು ಬರುತ್ತಿತ್ತು. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಕಟ್ಟಡ ತಿಳಿದವರು ಒಬ್ಬರು ಬೇಕಿತ್ತು. ನಾನು ನಮ್ಮ ಬೀದಿಯ ಗುರುಪಾದಪ್ಪ ಅಂಕಲ್‌ರನ್ನು ಕೇಳಿದೆ. ಗದಗಿನ ಕಡೆಯವರು, ಸಿವಿಲ್ ಎಂಜಿನಿಯರ್ ಆಗಿ ಇಲ್ಲೇ ದುಡಿದು ನಿವೃತ್ತರಾದವರು. ಸ್ಯಾನ್ ಡಿಯಾಗೋದ ಕನ್ನಡದವರು ಯಾರೇ ಮನೆ ಕೊಳ್ಳಲಿ, ಅಂಕಲ್ ಒಮ್ಮೆ ಬಂದು ಗೋಡೆ ತಟ್ಟಿ, ಅಟ್ಟ ಹತ್ತಿ ನೋಡಿ 'ತೊಗೋರಿ' ಎಂದ ಮೇಲೆಯೇ ಸಹಿ ಹಾಕುತ್ತಿದ್ದರು. ಅವರ ಹೆಂಡತಿ ಶಾಂತಾ ಆಂಟಿಗೆ ಅವರನ್ನು ಅಷ್ಟು ದೂರ ಕಳಿಸಲು ಇಷ್ಟವಿರಲಿಲ್ಲ.

"ಈ ವಯಸ್ಸಿನಾಗ ಯಾಕ ಬೇಕಾಗಿತ್ತರಿ?" ಎಂದರು.

"ಮಂದಿ ಮಳ್ಯಾಗ ಕುಂತಾರ, ನಾ ಇಲ್ಲಿ ಟೀವಿ ಮುಂದ ಕುಂದರ್ಲೇನು?" ಎಂದು ಅಂಕಲ್ ಹೊರಟೇಬಿಟ್ಟರು.

ಆಸ್ಪತ್ರೆಯಲ್ಲಿ ರಜೆ ಸಿಗದೆ ಲೂಸ್ ಬರಲಾಗಲಿಲ್ಲ. ದ್ವೀಪದಲ್ಲಿ ನಾವು ಉಳಿದದ್ದು ಲೂಸ್‌ಳ ಚಿಕ್ಕಮ್ಮ ನೆನಾರ ಮನೆಯಲ್ಲಿ. ಮನೆ ಎಂದರೆ ಉಳಿದಿದ್ದ ಎರಡು ಗೋಡೆ, ಮೇಲೊಂದು ಟಾರ್ಪಾಲು. ನೆನಾ ಹುಲ್ಲಿಗೆ ಬಣ್ಣ ಕಟ್ಟಿ ಚಾಪೆ ಹೆಣೆಯುವುದರಲ್ಲಿ ಆ ಸೀಮೆಗೇ ಹೆಸರಾದವರು. ಬೆಳಗ್ಗೆ ನಮಗೆಲ್ಲ ಅನ್ನ, ಒಣಮೀನು ಬೇಯಿಸಿಟ್ಟು, ಮೀನು ತಿನ್ನದ ಅಂಕಲ್‌ಗೆಂದು ಬೇರೆ ಪಾತ್ರೆಯಲ್ಲಿ ಕುಂಬಳಕಾಯಿ ಬೇಯಿಸಿ, ಆಮೇಲೆ ಹೆಣೆಯಲು ಕೂರುತ್ತಿದ್ದರು. ಮಾತಾಡುತ್ತಲೇ ಹೆಣೆಯುತ್ತಿದ್ದರು, ಕಣ್ಣು ಕೈಯ ಕಡೆಗೆ ಹೋಗುತ್ತಲೇ ಇರಲಿಲ್ಲ. ನನಗೂ ಕಲಿಸಲು ನೋಡಿದರು. ನನ್ನ ಬೆರಳಿಗೆ ಅದು ಹತ್ತಲಿಲ್ಲ, ಇಬ್ಬರೂ ನಕ್ಕೆವು.

ಮನೆಗಳು ಒಂದೊಂದಾಗಿ ಎದ್ದವು. ಅಂಕಲ್‌ರದು ಒಂದೇ ಹಟ — ಪ್ರತಿಯೊಂದು ತೊಲೆಯನ್ನೂ ಉಕ್ಕಿನ ಪಟ್ಟಿಯಿಂದ ಕಂಬಕ್ಕೆ ಬಿಗಿಯಬೇಕು, ಆಮೇಲೆಯೇ ಮೇಲೆ ತಗಡಿನ ಶೀಟು. ಕೊನೆಗೆ ಉಳಿದದ್ದು ಸಭಾಂಗಣ. ಮುಂದಿನ ಬಿರುಗಾಳಿಗೆ ಊರೆಲ್ಲ ಆಶ್ರಯ ಪಡೆಯಬೇಕಾದ ಜಾಗ ಅದು. ನಾವು ಹೊರಡುವ ದಿನ ಹತ್ತಿರ ಬಂದಿತ್ತು. ಪಾದ್ರಿಯವರು ಮಾರನೆಯ ದಿನ ಬಂದು ಅದನ್ನು ಆಶೀರ್ವದಿಸುವವರಿದ್ದರು. ವೆಸ್ಟ್ ಕೊವಿನಾದಲ್ಲಿ ಎಲ್ಲರೂ ಸೇರಿ ವಿಡಿಯೋದಲ್ಲಿ ನೋಡುವುದೆಂದು ನಿಗದಿಯಾಗಿತ್ತು. ಮುಗಿಸಿಯೇ ಬರುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದವಳು ನಾನು. ಆದರೆ ಸಭಾಂಗಣಕ್ಕೆ ಬೇಕಾದ ಪಟ್ಟಿಗಳಿದ್ದ ದೋಣಿ ಕಡಲು ಕೆಟ್ಟು ಆಚೆ ದಡದಲ್ಲೇ ನಿಂತಿತ್ತು. ಅಂಕಲ್ ಜ್ವರದಿಂದ ಮಲಗಿದ್ದರು.

ಬಡಗಿಗಳ ಮುಖಂಡ ದಾನಿಲೋ ನನ್ನ ಬಳಿ ಬಂದು, ಪಟ್ಟಿ ಇಲ್ಲದೆ ಬರೀ ಮೊಳೆ ಹೊಡೆದು ಶೀಟು ಏರಿಸಲೇ, ಅಂಕಲ್‌ರನ್ನು ಕೇಳಿ ಬನ್ನಿ ಎಂದ. ನಾನು ಹೋದೆ. ನೆನಾ ಅಂಕಲ್‌ರ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದರು. ಆ ದ್ವೀಪದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು ಕೇಳಿದೆ. ಅಂಕಲ್ ಕಣ್ಣು ಬಿಟ್ಟು, ನಿಧಾನವಾಗಿ, ಆದರೆ ಸ್ಪಷ್ಟವಾಗಿ ಹೇಳಿದರು:

"ಬ್ಯಾಡವಾ. ಪಟ್ಟಿ ಬರೂತನಕಾ ಶೀಟ್ ಏರಸಬ್ಯಾಡ್ರಿ. ಗಾಳಿ ಮ್ಯಾಲಿಂದ ಒತ್ತೂದಿಲ್ಲ, ಕೆಳಗಿಂದ ಎತ್ತತೈತಿ."

ಆಯ್ತು ಅಂಕಲ್ ಎಂದೆ. ಹೊರಗೆ ಬಂದೆ. ದಾನಿಲೋ ಮತ್ತು ಅವನ ಜನ ಕಾಯುತ್ತ ನಿಂತಿದ್ದರು. "ಅಂಕಲ್ ಆಗಲಿ ಅಂದರು," ಎಂದೆ.

ಯೋಚಿಸಿ ಆಡಿದ ಮಾತೇ, ಬಾಯಿಗೆ ತಾನಾಗಿ ಬಂದದ್ದೇ — ನೂರು ಸಲ ಕೇಳಿಕೊಂಡಿದ್ದೇನೆ. ಯೋಚಿಸಿಯೇ ಆಡಿದ್ದು. ಮನೆಯಿಂದ ಅವರು ನಿಂತಿದ್ದ ಜಾಗಕ್ಕೆ ನಡೆಯುವಷ್ಟು ಹೊತ್ತು ನನಗಿತ್ತು. ನಾನು ಹೇಳಿದರೆ ದಾನಿಲೋ ಒಪ್ಪುವುದಿಲ್ಲ, ಅಂಕಲ್ ಹೆಸರು ಹೇಳಿದರೆ ಒಪ್ಪುತ್ತಾನೆ ಎಂಬುದೂ ಗೊತ್ತಿತ್ತು. ಪಟ್ಟಿ ಬಂದ ಮೇಲೆ ಹಾಕಿದರಾಯಿತು ಎಂದುಕೊಂಡೆ. ಅದನ್ನು ಯಾರಿಗೂ ಹೇಳಲಿಲ್ಲ. ದೋಣಿ ಆಮೇಲೆ ಬಂತು. ಆ ಪಟ್ಟಿಗಳು ನಾವು ಹೊರಟ ಮೇಲೆ ಊರವರು ಕಟ್ಟಿಕೊಂಡ ಮನೆಗಳಿಗೆ ಹೋದವು.

ಮಾರನೆಯ ದಿನ ಆಶೀರ್ವಾದ ನಡೆಯಿತು. ಹಾಡಿದರು, ಕುಣಿದರು. ವೆಸ್ಟ್ ಕೊವಿನಾದಿಂದ ಲೂಸ್ ಪರದೆಯ ಮೇಲೆ ಅಳುತ್ತ ನಗುತ್ತಿದ್ದಳು. ಇನ್ನು ಗಾಳಿ ಬಂದರೆ ಯಾರೂ ಮನೆಯಲ್ಲಿರಬೇಡಿ, ಎಲ್ಲರೂ ಇಲ್ಲಿಗೆ ಬನ್ನಿ ಎಂದು ಮೈಕ್ ಹಿಡಿದು ಹೇಳಿದವಳೂ ನಾನೇ. ಮುಗಿದ ಸಭಾಂಗಣವನ್ನು ಅಂಕಲ್ ನೋಡಲೇ ಇಲ್ಲ. ಅವರನ್ನು ದೋಣಿಯಲ್ಲಿ ಮಲಗಿಸಿಕೊಂಡು ಹೊರಟೆವು.

ನಾವು ಹಿಂದಿರುಗಿದ ಕೆಲವು ತಿಂಗಳಿಗೆ ಮತ್ತೊಂದು ಗಾಳಿ ಬಂತು. ಮೊದಲಿನದಕ್ಕೆ ಹೋಲಿಸಿದರೆ ಏನೇನೂ ಅಲ್ಲ. ನಾವು ಕಟ್ಟಿದ ಮನೆಗಳೆಲ್ಲ ನಿಂತವು. ಸಭಾಂಗಣದ ಮಾಡು ಎದ್ದಿತು. ನೆನಾ ತಮ್ಮ ಗಟ್ಟಿಯಾದ ಹೊಸ ಮನೆಯನ್ನು ಬಿಟ್ಟು, ನಾನು ಹೇಳಿದ್ದೆನೆಂದು, ಅಲ್ಲಿಗೆ ಹೋಗಿದ್ದರು. ಕಿತ್ತುಬಂದ ತೊಲೆ ಅವರ ಬಲಗೈ ಮೇಲೆ ಬಿತ್ತು. ಆಚೆ ದಡದ ಆಸ್ಪತ್ರೆಯಲ್ಲಿ ಮೊಣಕೈವರೆಗೆ ಕೈ ತೆಗೆದರು.

ಏನಾಯಿತೆಂದು ತಿಳಿಯಲು ಲೂಸ್ ಎಲ್ಲರನ್ನೂ ವಿಡಿಯೋಗೆ ಕರೆದಳು. ನಾನೂ ಅಂಕಲ್ಲೂ ನಮ್ಮ ಮನೆಯ ಸೋಫಾದ ಮೇಲೆ ಪಕ್ಕಪಕ್ಕ ಕೂತಿದ್ದೆವು. ದಾನಿಲೋ ಹೇಳಿದ: ಪಟ್ಟಿ ಇಲ್ಲದೆ ಏರಿಸಬಹುದೆಂದು ಅಂಕಲ್ ಅಪ್ಪಣೆ ಕೊಟ್ಟಿದ್ದರು. ಅಂಕಲ್ ನನ್ನ ಕಡೆ ತಿರುಗಿದರು.

"ನಾ ಹಂಗ ಅಂದಿದ್ನೇನು? ಆವತ್ತ ನೀ ಬಂದಿದ್ದಿ ಅಲ್ಲ, ಭಾರತಿ. ಏನಂದ್ನಿ ನಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು. ನಾನು ಏನು ಹೇಳಿದರೂ ನಂಬುವವರಿದ್ದರು —

"ಸರಿಯಾಗಿ ನೆನಪಿಲ್ಲ ಅಂಕಲ್," ಎಂದೆ. "ನಿಮಗೆ ಜ್ವರ ಜಾಸ್ತಿ ಇತ್ತು."

ಅವರು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಪರದೆಯತ್ತ ತಿರುಗಿ, ಇಂಗ್ಲಿಷಿನಲ್ಲಿ, ತಪ್ಪು ನನ್ನದು, ನನ್ನನ್ನು ಕ್ಷಮಿಸಿ ಎಂದು ಕೈಮುಗಿದರು.

ಮರುವರ್ಷ ಬೇರೆ ಸ್ವಯಂಸೇವಕರು ಹೋಗಿ ಸಭಾಂಗಣಕ್ಕೆ ಪಟ್ಟಿ ಬಿಗಿದು ಹೊಸ ಮಾಡು ಹಾಕಿದರು. ಆಫೀಸಿನಲ್ಲಿ ರಜೆ ಸಿಗಲಿಲ್ಲವೆಂದು ನಾನು ತಪ್ಪಿಸಿಕೊಂಡೆ. ಅಂಕಲ್‌ರನ್ನು ಯಾರೂ ಕರೆಯಲಿಲ್ಲ.

ಇಲ್ಲಿ ಅಂಕಲ್ ನನ್ನ ಕಣ್ಣೆದುರೇ ಕುಗ್ಗುತ್ತ ಹೋದರು. ಗ್ಯಾಸ್ ಆರಿಸಿದೆನೇ, ಬಾಗಿಲು ಹಾಕಿದೆನೇ ಎಂದು ಮತ್ತೆ ಮತ್ತೆ ಎದ್ದು ನೋಡತೊಡಗಿದರು. ಹೆದ್ದಾರಿಯಲ್ಲಿ ಡ್ರೈವ್ ಮಾಡುವುದನ್ನು ಬಿಟ್ಟರು. ಹಬ್ಬಕ್ಕೆ ಲಾಸ್ ಏಂಜಲಿಸ್ ಆಚೆಯ ಕ್ಯಾಲಬಾಸಸ್ ದೇವಸ್ಥಾನಕ್ಕೆ ನಾನೇ ಅವರಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದೆ. ಒಮ್ಮೆ ಪ್ರಸಾದದ ಸಾಲಿನಲ್ಲಿ ಹೊಸದಾಗಿ ಮದುವೆಯಾದ ಹುಡುಗ ಹುಡುಗಿ ಬಂದು, ನಾವು ಒಂದು ಮನೆ ನೋಡಿದ್ದೇವೆ, ನೀವು ಬಂದು ನೋಡುತ್ತೀರಾ ಅಂಕಲ್ ಎಂದು ಕೇಳಿದರು. "ನನ್ನ ಕೇಳಬ್ಯಾಡ್ರಿ. ನನ್ನ ತಲಿ ಈಗ ನಂಬೂಹಂಗಿಲ್ಲ," ಎಂದರು. ನಾನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ. ಆಂಟಿ ನನ್ನನ್ನು ತಬ್ಬಿಕೊಂಡು, "ನೀ ಒಬ್ಬಾಕಿ ಅದಿ ಅಂತ ನಡದೈತಿ ನಮ್ಮದು," ಎನ್ನುತ್ತಿದ್ದರು. ಅವರಿಗೆ ಔಷಧಿ ತಂದುಕೊಟ್ಟೆ, ಹಬ್ಬದಡಿಗೆ ಕಳಿಸಿದೆ. ಒಳ್ಳೆಯವಳಾಗುವುದು ಸುಲಭವಾಗಿತ್ತು. ನಿಜ ಹೇಳುವುದೊಂದೇ —

ಕಳೆದ ವರ್ಷ ಆಂಟಿ ಅವರಿಗೆ ನೆನಪಿನ ಡಾಕ್ಟರರ ಹತ್ತಿರ ಅಪಾಯಿಂಟ್‌ಮೆಂಟ್ ಮಾಡಿಸಿದರು. ಕರೆದುಕೊಂಡು ಹೋದವಳು ನಾನೇ. ಡಾಕ್ಟರು ಚಿಕ್ಕ ವಯಸ್ಸಿನವರು, ಸೌಮ್ಯವಾಗಿ ಮಾತಾಡುತ್ತಿದ್ದರು. ಈ ಮರೆವನ್ನು ಮೊದಲು ಯಾವಾಗ ಗಮನಿಸಿದಿರಿ ಎಂದು ಕೇಳಿದರು. ಅಂಕಲ್‌ರೇ ಉತ್ತರ ಕೊಟ್ಟರು: ದ್ವೀಪದಲ್ಲಿ ಒಂದು ಅಪ್ಪಣೆ ಕೊಟ್ಟೆ, ಒಬ್ಬರ ಕೈ ಹೋಯಿತು, ಕೊಟ್ಟದ್ದು ಇವತ್ತಿಗೂ ನನಗೆ ನೆನಪಿಲ್ಲ. ಡಾಕ್ಟರು ಅದನ್ನು ಟೈಪ್ ಮಾಡತೊಡಗಿದರು.

"ನೀನ ಹೇಳವಾ," ಎಂದರು ಆಂಟಿ ನನಗೆ, "ನೀ ಅಲ್ಲೇ ಇದ್ದಿ ಅಲ್ಲ."

ಕೀಲಿಮಣೆಯ ಸದ್ದು ಕೇಳುತ್ತಿತ್ತು. ನನ್ನ ಸುಳ್ಳು ಆ ಮನುಷ್ಯನ ಕಾಯಿಲೆಯಾಗಿ ಅಲ್ಲಿ ಬರೆಯಲ್ಪಡುತ್ತಿತ್ತು. ಧೈರ್ಯ ಬಂತೆಂದು ಹೇಳಲಾರೆ. ಇನ್ನು ಸುಮ್ಮನಿರಲು ಆಗಲಿಲ್ಲ, ಅಷ್ಟೇ.

"ಅಂಕಲ್, ನೀವು ಏನೂ ಮರೆತಿಲ್ಲ," ಎಂದೆ. "ನೀವು ಬೇಡ ಅಂತಲೇ ಹೇಳಿದ್ರಿ. ಆಗಲಿ ಅಂದ್ರು ಅಂತ ನಾನು ಸುಳ್ಳು ಹೇಳ್ದೆ. ಆಮೇಲೆ ನೆನಪಿಲ್ಲ ಅಂದಿದ್ದೂ ಸುಳ್ಳು."

ಆಂಟಿಯ ಕೈ ನನ್ನ ತೋಳಿನ ಮೇಲಿತ್ತು. ಅದನ್ನು ಅವರು ತೆಗೆದರು. ಅಂಕಲ್ ನನ್ನ ಕಡೆ ತಿರುಗಿ ಕೂತರು.

"ನಾ ಅಂದಿದ್ದ ಮಾತು ಹೇಳು. ಅಂದಂಗ ಹೇಳು."

ಹೇಳಿದೆ. ಪಟ್ಟಿ, ಶೀಟು, ಗಾಳಿ — ಒಂದು ಶಬ್ದವನ್ನೂ ನಾನು ಮರೆತಿರಲಿಲ್ಲ. ಕೇಳುತ್ತ ಕೇಳುತ್ತ ಅವರು ಕಣ್ಣು ಮುಚ್ಚಿದರು. ಆಮೇಲೆ ಕಣ್ಣು ತೆರೆದು, "ಈಗ ಡಾಕ್ಟರಿಗೆ ಇಂಗ್ಲಿಷಿನಾಗ ಹೇಳು," ಎಂದರು.

ಇಂಗ್ಲಿಷಿನಲ್ಲಿಯೂ ಹೇಳಿದೆ. ಡಾಕ್ಟರು ಟೈಪ್ ಮಾಡುವುದನ್ನು ನಿಲ್ಲಿಸಿ, ಮೊದಲು ಅಂಕಲ್‌ರನ್ನು, ಆಮೇಲೆ ನನ್ನನ್ನು ನೋಡಿದರು.

ಹಿಂದಿರುಗುವಾಗ ಅವರಿಬ್ಬರೂ ನನ್ನ ಕಾರು ಹತ್ತಲಿಲ್ಲ. ಟ್ಯಾಕ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದರು. ನಾನು ಹತ್ತಿರ ಹೋದಾಗ ಅಂಕಲ್ ಹೇಳಿದ್ದು ಇಷ್ಟೇ: "ಮನೀಗೆ ಬರಬ್ಯಾಡ, ತಂಗಿ. ಸಿಟ್ಟಿಲ್ಲ. ಆದ್ರ ಬರಬ್ಯಾಡ." ಪರೀಕ್ಷೆಗಳೆಲ್ಲ ಮುಗಿದು, ಅವರ ನೆನಪಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದರಂತೆ, ಮುರಳಿಗೆ ಆಂಟಿ ಫೋನ್ ಮಾಡಿ ತಿಳಿಸಿದರು. ಕಳೆದುಹೋದ ವರ್ಷಗಳಿಗೆ ಯಾವ ಪರೀಕ್ಷೆ ಇದೆ?

ಲೂಸ್‌ಗೆ ಮುಖಾಮುಖಿಯಾಗಿ ಹೇಳಲು ವೆಸ್ಟ್ ಕೊವಿನಾಗೆ ಹೋದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಮೇಜಿನ ಮೇಲಿದ್ದ ಬಟ್ಟೆಗಳನ್ನು ಮಡಿಸುತ್ತಲೇ ಇದ್ದಳು.

"ಚಿಕ್ಕಮ್ಮ ಪ್ರತಿ ಭಾನುವಾರ ನಿನ್ನ ಅಂಕಲ್‌ಗಾಗಿ ಪ್ರಾರ್ಥನೆ ಮಾಡ್ತಾರೆ," ಎಂದಳು. "ದೇವರು ಅವರನ್ನು ಕ್ಷಮಿಸಲಿ ಅಂತ. ಊರಿಗೆ ಊರೇ ಮಾಡುತ್ತೆ."

ನೆನಾರಿಗೆ ಫೋನಿನಲ್ಲಿ ಹೇಳಲೇ ಎಂದು ಕೇಳಿದೆ. ಬೇಡ ಎಂದಳು. ಹೋಗು. ಊರವರನ್ನೆಲ್ಲ ಕೂರಿಸಿಕೊಂಡು ಹೇಳು. ದಾನಿಲೋನೂ ಇರಲಿ.

ಮುಂದಿನ ತಿಂಗಳು ಹೊರಟಿದ್ದೇನೆ. ನೆನಾ ಏನು ಹೇಳುತ್ತಾರೋ ತಿಳಿಯದು. ಏನೂ ಹೇಳದೆಯೂ ಇರಬಹುದು. ಯಾರ ಕ್ಷಮೆಗಾಗಿಯೂ ಹೋಗುತ್ತಿಲ್ಲ — ಹಾಗೆಂದು ಬರೆಯುತ್ತಿದ್ದೇನೆ, ಪೂರಾ ನಿಜವೋ ಅಲ್ಲವೋ ಗೊತ್ತಿಲ್ಲ. ಅಲ್ಲಿ ಇನ್ನೊಬ್ಬರ ಬಾಯಿಂದ ಹೇಳಿಸಬಾರದೆಂದು, ಆಡಬೇಕಾದ ನಾಲ್ಕು ಮಾತನ್ನು ಅವರ ಭಾಷೆಯಲ್ಲಿ ಕಲಿಯುತ್ತಿದ್ದೇನೆ. ಭಾನುವಾರ ಬೆಳಗ್ಗೆ ಫೋನಿನಲ್ಲಿ ಲೂಸ್ ಹೇಳಿಕೊಡುತ್ತಾಳೆ. ನಗುವುದಿಲ್ಲ, ಬೇರೆ ಮಾತಾಡುವುದಿಲ್ಲ. ಉಚ್ಚಾರ ತಪ್ಪಿದಲ್ಲಿ ನಿಲ್ಲಿಸಿ ಮತ್ತೆ ಹೇಳಿಸುತ್ತಾಳೆ. ಮೊದಲ ವಾರ ನಾನು, ನನ್ನಿಂದ ಒಂದು ತಪ್ಪಾಯಿತು ಎನ್ನಲು ಏನೆನ್ನಬೇಕು ಎಂದು ಕೇಳಿದೆ.

ಲೂಸ್, "ತಪ್ಪು ಅನ್ನೋ ಪದ ಬೇಡ," ಎಂದು, ಸುಳ್ಳಿಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೋ ಅದನ್ನು ಹೇಳಿಕೊಟ್ಟಳು.