ಎಡಕ್ಕೆ ಎಳೆಯುವ ಕೆಂಪ

ಅವತ್ತು ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗೆ ಸೊಪ್ಪು ತುಂಬುವ ದಿನ. ಊಟ ಮುಗಿಸಿ ಅಕ್ಕ ಹೊಂಗೆಮರದಡಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು, ನಾನು ಗೇಮ್ ಮಿಷನ್ ಹಿಡಿದು ಕೂತಿದ್ದೆ. ನಮ್ಮಿಬ್ಬರ ಕಟ್ಟಳೆ ಅದು: ಒಬ್ಬರು ಸೊಪ್ಪು ಕಟ್ಟುತ್ತ ದಾರಿ ಹೇಳಬೇಕು, ಇನ್ನೊಬ್ಬರು ಕೈತೊಳೆದು ಆಡಬೇಕು. ಆದರೆ ಹೊಗೆಸೊಪ್ಪಿನ ಅಂಟು ಹಸಿ ಟೊಮ್ಯಾಟೊ ಹಿಂಡಿ ಉಜ್ಜಿದರೂ ಪೂರ್ತಿ ಹೋಗುವಂಥದ್ದಲ್ಲ.

ಅಂಗೈಯಗಲದ ಆ ಮಿಷನ್ನಿನೊಳಗೆ ಕೆಂಪು ರುಮಾಲಿನವನೊಬ್ಬ ಕಾಡು, ಗುಹೆ ಅಲೆದು ಕಳೆದುಹೋದ ದೀಪವೊಂದನ್ನು ಹುಡುಕುತ್ತಾನೆ. ಅಕ್ಕ ಅವನಿಗೆ ಕೆಂಪ ಎಂದು ಹೆಸರಿಟ್ಟಿದ್ದಳು. ಕೆಂಪನಿಗೊಂದು ಚಾಳಿಯಿತ್ತು. ನೆಟ್ಟಗೆ ನಡೆಸಿದರೂ ಗಾಡಿಗೆ ಪಳಗದ ಎತ್ತಿನ ಹಾಗೆ ಎಡಕ್ಕೆ ಎಳೆಯುತ್ತಿದ್ದ.

"ಬಲಕ್ಕೆ ಕಣ್ಲಾ, ಬಲಕ್ಕೆ! ತಗಾ, ಮರಕ್ ಗುದ್ದಿಸ್ಬುಟ್ಟೆ. ನಿನ್ ಕೈಗೆ ಎತ್ತು ಕೊಟ್ರೂ ಅಷ್ಟೆ, ಗೇಮ್ ಕೊಟ್ರೂ ಅಷ್ಟೆ" ಎಂದು ಅಕ್ಕ ಬೈಯುತ್ತಿದ್ದಳು.

ಅವತ್ತು ಹಗ್ಗದ ಸೇತುವೆಯಿಂದ ಕೆಂಪ ಬಿದ್ದೂ ಬಿದ್ದೂ ಸಾಕಾಯಿತು. "ಇರ್ಲಿ ಬುಡು, ನಾಳೆ ದಾಟ್ಸಣ" ಎಂದಳು. ಮಾರನೆಯ ಬೆಳಿಗ್ಗೆ ಎದೆನೋವೆಂದು ಜಗುಲಿಯಲ್ಲಿ ಕೂತಳು. ಹುಣಸೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಆ ಆಟದ ಎರಡನೇ ಭಾಗ ಬಂದಿದೆಯಂತೆ. ಮಾರನೆಯ ದಿನದ ಬಸ್ಸಾರೊಂದನ್ನು ಬಿಟ್ಟರೆ ಎರಡನೆಯದು ಯಾವುದನ್ನೂ ನಾನು ನಂಬುವವನಲ್ಲ. ಮುಗಿಯಿತು ಎಂದು ಕಣ್ಣೊರೆಸಿಕೊಂಡ ಧಾರಾವಾಹಿ ಮುಂದಿನ ಸೋಮವಾರ ಮತ್ತೆ ಶುರುವಾದರೆ, ಸತ್ತವನು ಅಷ್ಟು ಸಲೀಸಾಗಿ ಎದ್ದು ಬಂದನಲ್ಲ ಎಂದು ನನಗೆ ಸಿಟ್ಟು ಬರುತ್ತದೆ. ಆದರೂ ಹಳೆಯ ಮಿಷನ್ ಜೇಬಿಗಿಟ್ಟು ಬೈಲಕುಪ್ಪೆಯ ಬಸ್ಸು ಹತ್ತಿದೆ. ಅನುಮಾನವಿದ್ದವನೇ ಮೊದಲು ಹೋಗಿ ನೋಡುವುದು ಲೋಕರೂಢಿ.

ನಮಗೆ ಮಿಷನ್ ಮಾರಿದ್ದ ಟಿಬೆಟಿನ ಅಂಗಡಿಯವರು ತಮ್ಮ ಮಿಷನ್ನಿನಲ್ಲೇ ಹೊಸ ಆಟ ತೋರಿಸಿದರು. ನೀರು ನೀರಿನಂತೆಯೇ ಹರಿಯುತ್ತಿತ್ತು, ಹಕ್ಕಿ ಕೂಗುತ್ತಿತ್ತು, ಚೆನ್ನಾಗಿಯೇ ಇತ್ತು. ಕೆಂಪ ಆಗಲೇ ಸೇತುವೆಯ ಆಚೆ ದಡದಲ್ಲಿ ದೀಪ ಹಿಡಿದು ನಿಂತಿದ್ದ.

"ಇವನನ್ನ ದಾಟಿಸ್ದೋರು ಯಾರು?" ಎಂದೆ.

"ಆಡೋರೇ ದಾಟಿಸ್ಕೊಂಡು ಬತ್ತಾರೆ ಕಣಣ್ಣ."

"ನಾವು ದಾಟ್ಸಿಲ್ಲ."

ಅವರು ನಕ್ಕು ಕೆಂಪನನ್ನು ನಡೆಸಿದರು. ನೆಟ್ಟಗೆ ನಡೆದ! ಬೇರೆ ಯಾರನ್ನೋ ರುಮಾಲು ಸುತ್ತಿ ತಂದು ನಿಲ್ಲಿಸಿದ್ದಾರೆ ಎಂದೇ ನನ್ನ ಅನುಮಾನ. ಕೆಂಪ ಹುಟ್ಟಾ ಎಡಚ ಎಂದು ವಾದಕ್ಕಿಳಿದೆ. ಅವರು ನನ್ನ ಹಳೆಯ ಮಿಷನ್ ಇಸಿದುಕೊಂಡು ಗುಂಡಿ ಒತ್ತಿ ನೋಡಿದರು.

"ಕೆಂಪಂದೇನೂ ಇಲ್ಲ ಅಣ್ಣ. ಎಡಗಡೆ ಗುಂಡಿ ಅಂಟ್ಕೊಂಡೈತೆ. ನಿಮ್ ಹೊಗೆಸೊಪ್ಪಿನ ಅಂಟು! ಸ್ಪಿರಿಟ್ ಹಾಕಿ ಒರಸ್ಬುಟ್ರೆ ಸರಿಹೋಯ್ತದೆ."

ಇಷ್ಟು ಕಾಲ ನಾವು ಬೈದದ್ದು ನಮ್ಮ ಬೆರಳಿನ ಅಂಟನ್ನು. ಅವರು ಹತ್ತಿ ತೆಗೆಯುವಷ್ಟರಲ್ಲಿ ಮಿಷನ್ ಕಿತ್ತುಕೊಂಡೆ. "ಬ್ಯಾಡ ಬುಡಣ್ಣ, ಅದು ಅಂಗೇ ಇರ್ಲಿ." ಆ ಅಂಟಿನಲ್ಲಿ ಅಕ್ಕನದೆಷ್ಟು, ನನ್ನದೆಷ್ಟು ಎಂದು ಸ್ಪಿರಿಟ್ಟಿಗೆ ಗೊತ್ತಾಗುವುದಿಲ್ಲ.

ಹೊಸ ಆಟದ ಕಾರ್ಡು ಹಳೆಯ ಮಿಷನ್ನಿಗೂ ಹಿಡಿಯುತ್ತದೆ ಎಂದರು. ಕೊಂಡು ತಂದೆ. ಹೊಂಗೆಮರದಡಿ ಕೂತು ಹಾಕಿದೆ. ಕೆಂಪ ದೀಪ ಹಿಡಿದು ಹೊರಟವನೇ ಎಡಕ್ಕೆ ಎಳೆದ. ಇವನೂ ನಮ್ಮವನೇ ಎಂದು ಅರೆಗಳಿಗೆ ಖುಷಿಯಾಯಿತು. ಮರ ಹತ್ತಿರ ಬರುತ್ತಿತ್ತು. ಅಭ್ಯಾಸಬಲದಿಂದ ನಾನು ಕಾದೆ. ಕೆಂಪ ಹೋಗಿ ಗುದ್ದಿಕೊಂಡ.

ಬಲಕ್ಕೆ ಎನ್ನುವವಳು ಇಲ್ಲ.