ಕಣಿವೆ ಕಾಯುವ ಉಚ್ಚಮ್ಮ
ಆಂಧ್ರ ಗಡಿಯ ಹೊಳಗುಂದದ ಆಚೆಯ ಗುಡ್ಡಗಳ ನಡುವಿನ ಕಣಿವೆಯನ್ನೂ ಅದರ ಹಳ್ಳವನ್ನೂ ತಾವೇ ಕಾಯಬೇಕೆಂದು ಊರವರು ಸಭೆ ಸೇರಿ ತೀರ್ಮಾನಿಸಿದ ದಿನದಿಂದ ಕುರಿ ಕಾಯುವ ಉಚ್ಚಮ್ಮನ ದನಿ ಎರಡು ಪಟ್ಟಾಗಿದೆ. ಬೆಳಗಾದರೆ ಸಾಕು, ಕಂಬಳಿ ಹೆಗಲಿಗೇರಿಸಿ ಹಳ್ಳದ ದಂಡೆಗೆ ಹಾಜರು. ಮರಳಿಗೆ ಬಂದ ಟ್ರ್ಯಾಕ್ಟರಿನವರನ್ನು ತೆಲುಗಿನಲ್ಲಿ ಬೈಯುತ್ತಾಳೆ. ಅದು ಸಾಲದಿದ್ದರೆ ಕನ್ನಡದಲ್ಲಿ ಮೊದಲಿನಿಂದ ಶುರು ಮಾಡುತ್ತಾಳೆ. ಬಟ್ಟೆ ಒಗೆಯಲು ಬಂದ ಸ್ವಂತ ಸೊಸೆ ಶಿವಲಕ್ಷ್ಮಿಗೂ ರಿಯಾಯಿತಿಯಿಲ್ಲ: "ಸಬಕಾರ ಮನ್ಯಾಗ ಇಟ್ಟು ಬಾರವ್ವ, ಮೀನಿನ ಕಣ್ಣು ಉರೀತಾವ!" ಮಡುವಿಗೆ ಹೊಸ ಹಕ್ಕಿ ಬಂದರೆ, ನೆಂಟರು ಬಂದಷ್ಟೇ ಸಂಭ್ರಮದಿಂದ ಮನೆಮನೆಗೂ ಸುದ್ದಿ ಮುಟ್ಟಿಸುತ್ತಾಳೆ. ಹೋದ ಚಳಿಗಾಲದಲ್ಲಿ, ಅವಳು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದ ಕುರಿಮರಿಯನ್ನೇ ತೋಳವೊಂದು ಹೊತ್ತೊಯ್ದಿತು. ಗಂಡಸರು ಬಡಿಗೆ ಹಿಡಿದು ಅದರ ಗವಿಯತ್ತ ಹೊರಟರು. ಉಚ್ಚಮ್ಮ ಕಣ್ಣೊರೆಸಿಕೊಳ್ಳುತ್ತಲೇ ದಾರಿಗೆ ಅಡ್ಡ ನಿಂತಳು. "ಗವ್ಯಾಗ ಆಕಿ ನಾಕು ಮರಿ ಹಾಕ್ಯಾಳ. ಊರಿಗೆ ಬಾಣಂತಿ ಬಂದಾಳಂದ್ರ ಬಡಿಗಿ ಹಿಡಕೊಂಡು ಹೋಗ್ತೀರೇನ್ರೋ?" ಗಂಡಸರು ಬಡಿಗೆ ಇಳಿಸಿ ಊರಿನತ್ತ ತಿರುಗಿದರು. ತಿಂಗಳೊಳಗೆ ಆ ನಾಲ್ಕು ಮರಿಗಳು ಬಿಸಿಲಿಗೆ ಬಂದು ಒಂದರ ಮೇಲೊಂದು ಉರುಳಾಡುವುದನ್ನು ಇಡೀ ಊರೇ ಎದುರು ಗುಡ್ಡದಿಂದ ನೋಡಿತು. ಅಂದು ಬಡಿಗೆ ಹೊತ್ತಿದ್ದವರ ಹೆಗಲ ಮೇಲೆ ಈಗ ಅವರವರ ಮಕ್ಕಳು ಕೂತು ಕೇಕೆ ಹಾಕುತ್ತಿದ್ದರು.