ಪೈಲಟ್ ಕಣ್ಣಿನ ಬಸ್ ಡ್ರೈವರ್

ಮಾರಾಯ್ರೇ, ಲೈಸೆನ್ಸ್ ನವೀಕರಣಕ್ಕೆ ಸರ್ಟಿಫಿಕೇಟ್ ಬೇಕೆಂದು ಇವತ್ತು ಬೆಳಗ್ಗೆ ದುರ್ಗಿಗುಡಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಶಿವಮೊಗ್ಗ-ಭದ್ರಾವತಿ ಬಸ್ ಓಡಿಸಲು ಹಿಡಿದು ಇಪ್ಪತ್ತು ವರ್ಷವಾಯಿತು. ಪಕ್ಕದ ಕುರ್ಚಿಯಲ್ಲಿ ಭದ್ರಾವತಿಯ ಹುಡುಗಿಯೊಬ್ಬಳು ಕೂತಿದ್ದಳು. ಪೈಲಟ್ ತರಬೇತಿಗೆ ಸೇರುವ ಮೊದಲು ಕಣ್ಣು ತೋರಿಸಲು ಬಂದವಳು.

"ಅದನ್ನ ಯಾವ ವಯಸ್ಸಿಗೆ ಶುರು ಮಾಡ್ಬೇಕಮ್ಮ?" ಎಂದೆ.

"ಹದಿನೆಂಟಾದ್ರೆ ಲೈಸೆನ್ಸ್ ಕೊಡ್ತಾರೆ ಅಂಕಲ್. ಯಾಕೆ, ನಿಮ್ಮ ಮಗನಿಗಾ?"

"ಹ್ಞೂಂ" ಎಂದುಬಿಟ್ಟೆ. ನನಗೆ ಮಗನಿಲ್ಲ.

ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿಗಳನ್ನು ಡಾಕ್ಟರು ಇಬ್ಬರಿಂದಲೂ ಓದಿಸಿದರು. ನಾನು ಒಂದೂ ತಪ್ಪಲಿಲ್ಲ. "ವಿಮಾನ ಓಡಿಸೋ ಕಣ್ಣು ಕಣ್ರೀ ನಿಮ್ದು" ಎಂದು ನಕ್ಕರು. ಈ ಮಾತು ಕೇಳುವಾಗ ನನಗೆ ನಲವತ್ತೇಳು.

ಮಧ್ಯಾಹ್ನದ ಟ್ರಿಪ್ಪಿಗೆ ಆ ಹುಡುಗಿ ನನ್ನ ಬಸ್ಸನ್ನೇ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಭದ್ರಾವತಿ ಸ್ಟ್ಯಾಂಡಿನಲ್ಲಿ, ವಿಮಾನವನ್ನು ನೆಲಕ್ಕಿಳಿಸುವವನಂತೆ, ನಿಂತವರು ಯಾರೂ ಅಲುಗದ ಹಾಗೆ ಬಸ್ ನಿಲ್ಲಿಸಿದೆ.

ಹಿಂದಿನ ಬಾಗಿಲಿನಿಂದ ಕಂಡಕ್ಟರ್ ಗಾಬರಿಯಲ್ಲಿ ಓಡಿಬಂದ.

"ಏನಣ್ಣಾ, ಇವತ್ತು ಒಬ್ರೂ ಮುಗ್ಗರಿಸ್ಲಿಲ್ಲ, ಬ್ರೇಕ್ ಹಿಡೀತಿಲ್ವಾ?"